ಗೇಮ್‌ನ ಬಾಹ್ಯಾಕಾಶ ನೌಕೆಗಳಿಗೆ ಹೊಸ ಐಡಿಯಾ ಎಲ್ಲಿ ಹುಡುಕಬೇಕು?

ನಿಮ್ಮ ಪ್ರಶ್ನೆ ಓದಿದೆ. ಗೇಮ್‌ಗಾಗಿ ಹತ್ತು ನೌಕೆ ಮಾಡಿದ್ದೀರಿ, ಹತ್ತಕ್ಕೂ ಅದೇ ಚೂಪು ಮೂತಿ, ಅದೇ ಎರಡು ರೆಕ್ಕೆ, ಹಿಂದೆ ಅದೇ ನೀಲಿ ಬೆಂಕಿ, ಸ್ಫೂರ್ತಿ ಎಲ್ಲಿಂದ ತರಲಿ ಅಂತ ಕೇಳಿದ್ದೀರಿ. ನಾನು ಒಂದು ಸಣ್ಣ ತಂಡದಲ್ಲಿ ಆರು ವರ್ಷದಿಂದ ನೌಕೆಗಳನ್ನೇ ಮಾಡುತ್ತಿದ್ದೇನೆ. ಮೊದಲ ವರ್ಷ ಪೂರ್ತಿ ನಾನೂ ಇಲ್ಲೇ ಸಿಕ್ಕಿಕೊಂಡಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಆಗ ಮಾಡುತ್ತಿದ್ದ ತಪ್ಪು ಒಂದೇ. ಬೇರೆ ಗೇಮ್‌ಗಳ ನೌಕೆಗಳ ಚಿತ್ರಗಳನ್ನು ಗುಡ್ಡೆ ಹಾಕಿಕೊಂಡು ಕೂರುತ್ತಿದ್ದೆ. ಅವನ್ನು ಮಾಡಿದವರೂ ಇನ್ಯಾರದೋ ನೌಕೆ ನೋಡಿಯೇ ಮಾಡಿರುತ್ತಾರೆ, ಅಲ್ವಾ? ಹಾಗಾಗಿ ಆಕಾರ ಮಾತ್ರ ಕೈಯಿಂದ ಕೈಗೆ ಬರುತ್ತದೆ, ಆ ಆಕಾರ ಯಾಕೆ ಹಾಗಿದೆ ಅನ್ನುವುದು ದಾರಿಯಲ್ಲೇ ಉದುರಿಹೋಗುತ್ತದೆ. ಈಗ ನಾನು ಪೆನ್ಸಿಲ್ ಹಿಡಿಯುವ ಮೊದಲು ಒಂದು ಸಾಲು ಬರೆಯುತ್ತೇನೆ: ಈ ನೌಕೆಯ ಕೆಲಸ ಏನು, ಅದಕ್ಕೆ ಕಾಡುವ ದೊಡ್ಡ ತೊಂದರೆ ಯಾವುದು. ಆ ತೊಂದರೆ ಗಟ್ಟಿಯಾಗಿದ್ದರೆ ಅರ್ಧ ಆಕಾರ ತಾನಾಗಿಯೇ ಬರುತ್ತದೆ.

1969ರಲ್ಲಿ ಚಂದ್ರನ ಮೇಲೆ ಇಳಿದ ಅಪೊಲೊದ ಲೂನಾರ್ ಮಾಡ್ಯೂಲ್ ಫೋಟೋ ತೆಗೆದು ನೋಡಿ. ಅದು ಹಾರುವುದು ಗಾಳಿಯೇ ಇಲ್ಲದ ಜಾಗದಲ್ಲಿ, ಹಾಗಾಗಿ ಚೂಪು ಮೂತಿಯ ಅಗತ್ಯವೇ ಇಲ್ಲ. ಅದಕ್ಕಿದ್ದ ದೊಡ್ಡ ತೊಂದರೆ ತೂಕ. ಮೊದಲ ಡಿಸೈನ್‌ಗಳಲ್ಲಿ ಸೀಟುಗಳಿದ್ದವು, ದೊಡ್ಡ ಕಿಟಕಿಗಳಿದ್ದವು. ತೂಕ ಇಳಿಸಲು ಸೀಟು ತೆಗೆದು, ಒಳಗಿದ್ದ ಇಬ್ಬರು ಗಗನಯಾತ್ರಿಗಳೂ ನಿಂತೇ ನಡೆಸುವ ಹಾಗೆ ಮಾಡಿದರು. ನಿಂತವರ ಮುಖ ಗಾಜಿಗೆ ಹತ್ತಿರ ಬರುತ್ತದೆ, ಹತ್ತಿರ ಬಂದರೆ ಸಣ್ಣ ಕಿಟಕಿ ಸಾಕು. ಆ ಎರಡು ಪುಟ್ಟ ತ್ರಿಕೋನದ ಕಿಟಕಿಗಳಿಂದ ಅದಕ್ಕೆ ಯಾವುದೋ ಪ್ರಾಣಿಯ ಮುಖ ಬಂದ ಹಾಗಿದೆ, ಆದರೆ ಮುಖ ಮಾಡಬೇಕು ಅಂತ ಯಾರೂ ಕೂತಿರಲಿಲ್ಲ. ನನಗೆ ಇವತ್ತಿಗೂ ಅದಕ್ಕಿಂತ ಚೆಂದದ ನೌಕೆ ಇನ್ನೊಂದಿಲ್ಲ.

ನನ್ನ ಮಟ್ಟಿಗೆ ಐಡಿಯಾಗಳ ದೊಡ್ಡ ಗಣಿ ಅಂದರೆ ಶಾಖ. ಬಾಹ್ಯಾಕಾಶ ತಣ್ಣಗಿದೆ, ಅಲ್ಲಿ ನೌಕೆ ಬಿಸಿಯಾಗುವುದಿಲ್ಲ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಿಜ ಉಲ್ಟಾ ಇದೆ. ಸುತ್ತ ಗಾಳಿ ಇಲ್ಲ, ಬಿಸಿಯನ್ನು ಎತ್ತಿಕೊಂಡು ಹೋಗಲು ಏನೂ ಇಲ್ಲ, ಅದನ್ನು ಬೆಳಕಿನ ಹಾಗೆ ಹೊರಗೆ ಸೂಸುವುದೊಂದೇ ದಾರಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರದಲ್ಲಿ ಸೋಲಾರ್ ಫಲಕಗಳ ಜೊತೆಗೆ ಬಿಳಿ ಬಣ್ಣದ, ಮಡಚಿ ಬಿಚ್ಚಿದ ಹಾಗಿರುವ ಹಾಳೆಗಳೂ ಕಾಣುತ್ತವೆ, ಗಮನಿಸಿ. ಅವು ರೇಡಿಯೇಟರ್‌ಗಳು. ಅವುಗಳೊಳಗೆ ಅಮೋನಿಯಾ ಹರಿದು ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ. ನಿಮ್ಮ ನೌಕೆಯೊಳಗೆ ದೊಡ್ಡ ರಿಯಾಕ್ಟರ್ ಇದೆ ಅಂತ ಕಥೆಯಲ್ಲಿ ಹೇಳಿದರೆ ಅದಕ್ಕೆ ದೊಡ್ಡ ರೇಡಿಯೇಟರ್ ಬೇಕೇ ಬೇಕು. ರೆಕ್ಕೆ ಹಾಕುವ ಆಸೆ ಇದ್ದರೆ ಹಾಕಿ, ಆದರೆ ಅದನ್ನೇ ರೇಡಿಯೇಟರ್ ಮಾಡಿ. ಕೆಲಸ ಜಾಸ್ತಿಯಾದಾಗ ಮಂಕು ಕೆಂಪಿಗೆ ತಿರುಗಲಿ, ಗುಂಡಿನ ದಾಳಿ ಆದಾಗ ಒಳಗೆ ಮಡಚಿಕೊಳ್ಳಲಿ, ಮಡಚಿದಷ್ಟು ಹೊತ್ತು ಒಳಗಿನ ಬಿಸಿ ಏರುತ್ತಾ ಹೋಗಲಿ. ನಾವು ಹೀಗೆ ಮಾಡಿದ ಮೇಲೆ ಪರದೆಯ ಮೂಲೆಯಲ್ಲಿದ್ದ ಶಾಖದ ಮೀಟರನ್ನೇ ತೆಗೆದುಬಿಟ್ಟೆವು, ಆಟಗಾರರು ರೆಕ್ಕೆ ನೋಡಿಯೇ ತಿಳಿದುಕೊಳ್ಳುತ್ತಿದ್ದರು.

ನಕ್ಷತ್ರದ ಹತ್ತಿರ ಹೋಗುವ ನೌಕೆ ಬೇಕಾದರೆ ಸೂರ್ಯನ ಹತ್ತಿರ ಹೋಗಲು 2018ರಲ್ಲಿ ಹೊರಟ ಪಾರ್ಕರ್ ಸೋಲಾರ್ ಪ್ರೋಬ್ ನೋಡಿ. ಮುಂದೆ 11.4 ಸೆಂಟಿಮೀಟರ್ ದಪ್ಪದ ಶಾಖ ಕವಚ, ಉಳಿದದ್ದೆಲ್ಲ ಅದರ ನೆರಳಲ್ಲಿ ಅಡಗಿ ಕೂತಿರುತ್ತದೆ, ಸೂರ್ಯ ಹತ್ತಿರವಾದಾಗ ಸೋಲಾರ್ ಫಲಕಗಳೂ ನೆರಳಿನೊಳಗೆ ಸರಿದುಕೊಳ್ಳುತ್ತವೆ. ಕೊಡೆ ಹಿಡಿದು ನಡೆಯುವ ನೌಕೆ! ಇಂಥದ್ದು ಸುಮ್ನೆ ಕೂತು ಯೋಚಿಸಿದರೆ ಹೊಳೆಯುವುದಿಲ್ಲ.

ಗುರುತ್ವಾಕರ್ಷಣೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಳಗಿನವರಿಗೆ ತೂಕ ಅನಿಸಲಿ ಅಂತ ತಿರುಗುವ ಉಂಗುರ ಎಲ್ಲರೂ ಹಾಕುತ್ತಾರೆ, ಆದರೆ ನಿಮಿಷಕ್ಕೆ 2 ಸುತ್ತು ತಿರುಗಿ ಭೂಮಿಯ ಮೇಲಿನಷ್ಟೇ ತೂಕ ಅನಿಸಬೇಕಾದರೆ ಸುಮಾರು 224 ಮೀಟರ್ ತ್ರಿಜ್ಯ ಬೇಕು. ಬಸ್ಸಿನ ಗಾತ್ರದ ನೌಕೆಗೆ ಪುಟ್ಟ ಉಂಗುರ ಸಿಕ್ಕಿಸಿದರೆ ಕಣ್ಣಿಗೆ ಏನೋ ಸರಿಯಿಲ್ಲ ಅನಿಸುವುದು ಇದಕ್ಕೇ ಇರಬೇಕು. ಪೂರ್ತಿ ಉಂಗುರವೂ ಕಡ್ಡಾಯವಲ್ಲ. ಉದ್ದ ಕೇಬಲ್‌ನ ಒಂದು ತುದಿಗೆ ಕೋಣೆ, ಇನ್ನೊಂದು ತುದಿಗೆ ಎಂಜಿನ್ ಕಟ್ಟಿ ತಿರುಗಿಸಿದರೂ ಆಯಿತು. ಇಲ್ಲವೇ ಎಂಜಿನ್ ಸದಾ ತಳ್ಳುತ್ತಲೇ ಇರುತ್ತದೆ ಅಂದುಕೊಳ್ಳಿ. ಆಗ ನೆಲ ಇರುವುದು ಎಂಜಿನ್ ಕಡೆಗೆ, ಮಹಡಿ ಮೇಲೆ ಮಹಡಿ ಇಟ್ಟ ಕಟ್ಟಡದ ಹಾಗೆ ನೌಕೆ ನಿಂತುಕೊಳ್ಳುತ್ತದೆ, ಕಿಟಕಿಯ ಸಾಲುಗಳೂ ಅಡ್ಡಡ್ಡ ತಿರುಗುತ್ತವೆ.

ಬಾಹ್ಯಾಕಾಶ ಬಿಟ್ಟರೆ ನಾನು ಹೆಚ್ಚು ಹೊತ್ತು ಕಳೆಯುವುದು ಭೂಮಿಯ ಮೇಲಿನ ದುಡಿಯುವ ಯಂತ್ರಗಳ ಜೊತೆ. ಯುದ್ಧವಿಮಾನಗಳನ್ನು ಎಲ್ಲರೂ ನೋಡುತ್ತಾರೆ, ಅವನ್ನು ಬಿಟ್ಟುಬಿಡಿ. ಏರ್‌ಬಸ್‌ನ ಬೆಲೂಗಾ ವಿಮಾನದ ಕಾಕ್‌ಪಿಟ್ ಯಾಕೆ ಅಷ್ಟು ಕೆಳಗಿದೆ? ಮುಂದಿನ ಬಾಗಿಲು ಮೇಲಕ್ಕೆ ತೆರೆದು, ವಿಮಾನದ ರೆಕ್ಕೆಗಳಂಥ ದೊಡ್ಡ ಸಾಮಾನನ್ನು ನೇರವಾಗಿ ಒಳಗೆ ತಳ್ಳಬೇಕು, ಕಾಕ್‌ಪಿಟ್ ಅಡ್ಡ ಬರಬಾರದು. ಐಸ್ ಬ್ರೇಕರ್ ಹಡಗಿನ ಮೂತಿ ಯಾಕೆ ಇಳಿಜಾರಾಗಿದೆ? ಅದು ಮಂಜುಗಡ್ಡೆಯ ಮೇಲೆ ಹತ್ತಿ ತನ್ನ ಭಾರದಿಂದಲೇ ಅದನ್ನು ಮುರಿಯುತ್ತದೆ. ಜರ್ಮನಿಯ ಬ್ಯಾಗರ್ 293 ಅನ್ನುವ ಗಣಿ ಯಂತ್ರ 96 ಮೀಟರ್ ಎತ್ತರ, 225 ಮೀಟರ್ ಉದ್ದ, ಮುಂದೆ ಬಕೆಟ್‌ಗಳನ್ನು ಕಟ್ಟಿದ ದೊಡ್ಡ ಚಕ್ರ. ಕ್ಷುದ್ರಗ್ರಹ ಅಗೆಯುವ ನೌಕೆಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಾ?

ನಾನು ಟಗ್ ಬೋಟ್ ಒಂದರಿಂದ ರಕ್ಷಣಾ ನೌಕೆ ಮಾಡಿದ್ದು ಹೇಳುತ್ತೇನೆ. ಟಗ್ ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ, ತಳ್ಳುವ ದೋಣಿ, ಚಿಕ್ಕ ಮೈಯಲ್ಲಿ ದೊಡ್ಡ ಎಂಜಿನ್. ಅದಕ್ಕೇ ನನ್ನ ನೌಕೆಯಲ್ಲೂ ಮುಕ್ಕಾಲು ಭಾಗ ಎಂಜಿನ್ನೇ ಇಟ್ಟೆ. ಪೈಲಟ್ ತಾನು ಎಳೆಯುತ್ತಿರುವ ನೌಕೆಯನ್ನು ತಿರುಗಿ ನೋಡುತ್ತಿರಬೇಕು, ಹಾಗಾಗಿ ಕಾಕ್‌ಪಿಟ್ ಎತ್ತರದಲ್ಲಿ, ನಾಲ್ಕೂ ಕಡೆ ಗಾಜು. ಇನ್ನೊಂದು ನೌಕೆಗೆ ಒರಗಿ ತಳ್ಳಬೇಕು, ಹಾಗಾಗಿ ಟಗ್‌ನ ಸುತ್ತ ಟೈರು ಕಟ್ಟುವ ಹಾಗೆ ಸುತ್ತಲೂ ದಪ್ಪ ಮೆತ್ತೆ. ಮೇಲೆ ಯಾವ ಹೆಸರೂ ಬರೆದಿರಲಿಲ್ಲ. ಆದರೂ ಮೊದಲ ಸಲ ಆಡಿದವರು ನೋಡಿದ ಕೂಡಲೇ "ಇದು ಎಳೆದುಕೊಂಡು ಹೋಗೋಕೆ ಬಂದಿದೆ" ಅಂದರು. ಆ ದಿನದ ಸಂತೋಷ ನನಗೆ ಇನ್ನೂ ನೆನಪಿದೆ.

ಎಡ-ಬಲ ಒಂದೇ ಥರ ಇರಬೇಕು ಅನ್ನುವುದನ್ನೂ ಮುರಿಯಬಹುದು. 1938ರಲ್ಲಿ ಮೊದಲು ಹಾರಿದ ಜರ್ಮನ್ ವಿಮಾನ ಬಿವಿ 141ರಲ್ಲಿ ಎಂಜಿನ್ ಇದ್ದ ಮೈ ಒಂದು ಕಡೆ, ಜನ ಕೂರುವ ಗಾಜಿನ ಗೂಡು ಇನ್ನೊಂದು ಕಡೆ. ಸುತ್ತ ಚೆನ್ನಾಗಿ ಕಾಣಲಿ ಅಂತ ಹಾಗೆ ಮಾಡಿದ್ದರು, ಅದು ಹಾರಿತೂ ಹಾರಿತು. ಗಾಳಿಯಲ್ಲೇ ಅದು ಸಾಧ್ಯವಾದರೆ ಗಾಳಿ ಇಲ್ಲದ ಕಡೆ ಇನ್ನೂ ಸುಲಭ.

ಕೀಟ, ಮೀನುಗಳಿಂದಲೂ ತೆಗೆದುಕೊಳ್ಳಿ, ಆದರೆ ಇಡೀ ಪ್ರಾಣಿಯನ್ನು ಎತ್ತಿ ತರಬೇಡಿ, ಆಟಿಕೆ ಥರ ಕಾಣುತ್ತದೆ. ಒಂದೇ ಒಂದು ಕೀಲು ಸಾಕು. ಜೀರುಂಡೆಯ ಗಟ್ಟಿ ಚಿಪ್ಪು ತೆರೆದು ಒಳಗಿಂದ ತೆಳುವಾದ ರೆಕ್ಕೆ ಬಿಚ್ಚಿಕೊಳ್ಳುತ್ತದಲ್ಲ, ನಮ್ಮ ಮಡಚುವ ರೇಡಿಯೇಟರ್ ಬಂದದ್ದು ಅಲ್ಲಿಂದಲೇ.

ಇನ್ನು ಇದು ಗೇಮ್ ಅನ್ನುವುದನ್ನು ಮರೆಯಬೇಡಿ. ಕ್ಯಾಮೆರಾ ನೌಕೆಯ ಹಿಂದೆ ಇರುವ ಗೇಮ್ ಆದರೆ ಆಟಗಾರ ನೂರಾರು ಗಂಟೆ ನೋಡುವುದು ಹಿಂಭಾಗವನ್ನೇ. ನಾವೋ ಮೂತಿಗೆ ವಾರಗಟ್ಟಲೆ ಸಮಯ ಕೊಟ್ಟು ಹಿಂದೆ ಎರಡು ಕೊಳವೆ ಅಂಟಿಸಿ ಮುಗಿಸುತ್ತೇವೆ. ನಾನು ಈಗ ಹಿಂಭಾಗದಿಂದಲೇ ಶುರು ಮಾಡುತ್ತೇನೆ. ಶತ್ರುವಿನ ನೌಕೆ ದೂರದಲ್ಲಿ ಉಗುರಿನಷ್ಟೇ ಕಾಣುವುದರಿಂದ ಅದನ್ನು ಪೂರ್ತಿ ಕಪ್ಪು ಬಳಿದು 64 ಪಿಕ್ಸೆಲ್‌ಗೆ ಕುಗ್ಗಿಸಿ ನೋಡುತ್ತೇನೆ. ಉಳಿದ ನೌಕೆಗಳ ನಡುವೆ ಇಟ್ಟಾಗ ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಮೇಲಿನ ವಿವರಗಳಿಗೆ ಕೈ ಹಾಕುವುದೇ ಇಲ್ಲ. ಗಾತ್ರ ತೋರಿಸಲು ಮನುಷ್ಯನ ಬಾಗಿಲು, ಏಣಿ, ಕಂಬಿ ಇಂಥ ಒಂದೆರಡು ಗುರುತು ಸಾಕು. ಪೈಪು, ಡಬ್ಬಿ, ಪಟ್ಟಿಗಳಂಥ ಸಣ್ಣ ತುಣುಕುಗಳಿಗೆ ಗ್ರೀಬಲ್ ಅನ್ನುತ್ತಾರೆ, ಹಿಂದೆ ಸಿನಿಮಾ ಮಾಡೆಲ್ ಮಾಡುವವರು ಪ್ಲಾಸ್ಟಿಕ್ ಟ್ಯಾಂಕ್ ಕಿಟ್‌ಗಳ ಭಾಗ ಅಂಟಿಸಿ ಇದನ್ನು ಮಾಡುತ್ತಿದ್ದರು. ಅದನ್ನು ಮೈತುಂಬ ಚೆಲ್ಲಬೇಡಿ. ಎಂಜಿನ್, ಕೀಲು, ಡಾಕಿಂಗ್ ಜಾಗ (ಇನ್ನೊಂದು ನೌಕೆ ಬಂದು ಜೋಡಿಕೊಳ್ಳುವ ಕಡೆ) ಇವುಗಳ ಸುತ್ತ ಗುಂಪಾಗಿ ಇಡಿ, ಉಳಿದ ಕಡೆ ನುಣುಪಾಗಿ ಬಿಡಿ.

ಬಣ್ಣಕ್ಕೂ ಕಾರಣ ಇದ್ದರೆ ಚೆಂದ. 1981ರಲ್ಲಿ ಸ್ಪೇಸ್ ಶಟಲ್‌ನ ಮೊದಲ ಎರಡು ಹಾರಾಟಗಳಲ್ಲಿ ಹೊರಗಿನ ದೊಡ್ಡ ಇಂಧನ ಟ್ಯಾಂಕ್ ಬಿಳಿಯಾಗಿತ್ತು. ಆಮೇಲೆ ಬಣ್ಣ ಬಳಿಯುವುದನ್ನೇ ಬಿಟ್ಟು ಸುಮಾರು 270 ಕಿಲೋ ಉಳಿಸಿದರು. ನಾವೆಲ್ಲ ನೆನಪಿಟ್ಟುಕೊಂಡಿರುವ ಆ ಕಿತ್ತಳೆ ಬಣ್ಣ ಮೇಲ್ಮೈಯ ಫೋಮ್‌ನದ್ದು.

ಹೊಸದಾಗಿ ಹನ್ನೊಂದನೆಯದು ಶುರು ಮಾಡುವ ಮೊದಲು ನಿಮ್ಮ ಹತ್ತರಲ್ಲಿ ನಿಮಗೆ ಕಡಿಮೆ ಇಷ್ಟವಾದದ್ದನ್ನು ಎತ್ತಿಕೊಳ್ಳಿ. ಅದಕ್ಕೆ ಒಂದು ಕೆಲಸ, ಒಂದು ತೊಂದರೆ ಬರೆದು, ಹಿಂಭಾಗದಿಂದ ಇಪ್ಪತ್ತು ಸಣ್ಣ ಕಪ್ಪು ಆಕಾರ ಬಿಡಿಸಿ ಇಲ್ಲೇ ಹಾಕಿ. ನಾನು ಒಂದೊಂದನ್ನೂ ನೋಡಿ ಅನಿಸಿದ್ದನ್ನು ಬರೆಯುತ್ತೇನೆ.