ಚನ್ನಪಟ್ಟಣದ ಗೊಂಬೆ ವ್ಯಾಪಾರ ಶುರು ಮಾಡಿದರೆ ಆ ಕಸುಬು ನಿಜಕ್ಕೂ ಉಳಿಯುತ್ತಾ?

ಉಳಿಯುತ್ತದೆ. ಆದರೆ ಸುಮ್ನೆ ಕೊಂಡು ಮಾರಿದರೆ ಸಾಲದು. ಕುಶಲಕರ್ಮಿಗೆ ವರ್ಷವಿಡೀ ಕೆಲಸ ಬೇಕು, ಕೈಗೆ ಮುಂಗಡ ಬೇಕು. ಈಗಿನ ಅಪ್ಪ ಅಮ್ಮಂದಿರು ಮೊದಲು ಕೇಳುವುದು, ಮಗು ಬಾಯಿಗೆ ಹಾಕಿಕೊಂಡರೆ ಏನೂ ಆಗಲ್ವಾ ಅಂತ. ಈ ಕಸುಬಿನ ಬಲ ಇರುವುದೇ ಅಲ್ಲಿ. ಹಗುರವಾದ ಹಾಲೆ ಮರವನ್ನು ಲೇತ್‌ನಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿದರೆ ಎಂಥ ಹೊಳಪು! ಅರಗಿಗೆ ಅರಿಶಿನದಂಥ ಸಹಜ ಬಣ್ಣವನ್ನೇ ಬೆರೆಸಲು ಹೇಳಿ. ಬೇರೆ ಬಣ್ಣವಾದರೆ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸಲೇಬೇಕು. ಈ ಗೊಂಬೆಗಳಿಗೆ ಜಿಐ ಗುರುತು, ಅಂದರೆ ಇದೇ ಊರಿನ ಕಸುಬು ಅನ್ನುವ ಸರ್ಕಾರಿ ಮಾನ್ಯತೆ ಇದೆ, ಅದನ್ನು ಬಳಸಲು ನೋಂದಣಿ ಬೇಕು. ನನ್ನನ್ನು ಕೇಳಿದರೆ, ಮಾಡಿದವರ ಹೆಸರನ್ನೂ ಡಬ್ಬಿ ಮೇಲೆ ಹಾಕಿ.