ಡಿಸ್ಕನ್ನು ಓದಲು ಮಾತ್ರ ತೆರೆದು ಅದಕ್ಕೆ ಆದೇಶ ಕಳುಹಿಸಬಹುದೇ?

ಕಾರವಾರದ ನಿಮ್ಮ ಅಂಗಡಿಯ ಹಳೆಯ ಕಂಪ್ಯೂಟರುಗಳ ಹಾರ್ಡ್ ಡಿಸ್ಕ್ ಎಷ್ಟು ಗಟ್ಟಿಯಿದೆ ಎಂದು ತಿಳಿಸುವ ಪ್ರೋಗ್ರಾಂ ಅನ್ನು ಲಿನಕ್ಸ್‌ನಲ್ಲಿ ಬರೆಯುತ್ತಿರುವುದಾಗಿ ಹೇಳಿದ್ದೀರಿ. ಡಿಸ್ಕನ್ನು ಓದಲು ಮಾತ್ರ ತೆರೆದರೆ ಸಾಕೇ, ಡಿಸ್ಕುಗಳನ್ನು ತೆರೆಯಬಲ್ಲ ಬಳಕೆದಾರರ ‘ಡಿಸ್ಕ್’ ಗುಂಪಿಗೆ ಸೇರಿದ ಮೇಲೂ ಅನುಮತಿಯಿಲ್ಲವೆಂಬ ದೋಷ ಏಕೆ ಬರುತ್ತಿದೆ ಎಂಬುದು ನಿಮ್ಮ ಪ್ರಶ್ನೆ.

ಓದಲು ಮಾತ್ರ ತೆರೆದರೆ ಸಾಕು, ಹಾಗೆ ತೆರೆಯುವುದೇ ಒಳ್ಳೆಯದು. ಬರೆಯುವ ಅನುಮತಿಯೊಡನೆ ತೆರೆದು ಮುಚ್ಚಿದರೆ, ಡಿಸ್ಕಿನಲ್ಲಿ ಏನೋ ಬದಲಾಗಿರಬೇಕೆಂದು, ಸಾಧನಗಳ ಮೇಲೆ ಕಣ್ಣಿಡುವ ಯುಡೆವ್ ಎಂಬ ಲಿನಕ್ಸ್ ಸೇವೆ ಭಾವಿಸಿ ಅದನ್ನು ಮತ್ತೆ ಪರೀಕ್ಷಿಸಲು ಹೊರಡುತ್ತದೆ. ಐದು ನಿಮಿಷಕ್ಕೊಮ್ಮೆ ಓಡುವ ಪ್ರೋಗ್ರಾಂ ಆದರೆ ಇದು ಸುಮ್ಮನೆ ಕಿರಿಕಿರಿ. ಜೊತೆಗೆ ‘ಒ ನಾನ್‌ಬ್ಲಾಕ್’ ಎಂಬ ಸೂಚನೆಯನ್ನೂ ಕೊಡಿ. ಇಲ್ಲದಿದ್ದರೆ ಒಳಗೆ ಸಿಡಿ ಇಲ್ಲದ ಡ್ರೈವನ್ನು ತೆರೆಯುವ ಪ್ರಯತ್ನವೇ ವಿಫಲವಾಗುತ್ತದೆ.

ಆದರೆ ತೆರೆಯುವುದರಿಂದ ಸಿಗುವುದು ತೆರೆದ ಡಿಸ್ಕನ್ನು ಸೂಚಿಸುವ ಒಂದು ಸಂಖ್ಯೆ ಮಾತ್ರ. ಆದೇಶ ಹೋಗುವುದು ಸಾಧನಗಳನ್ನು ನಿಯಂತ್ರಿಸುವ ಐಒಸಿಟಿಎಲ್ ಎಂಬ ಕರೆಯಲ್ಲಿ, ‘ಎಸ್‌ಜಿ ಐಒ’ ಎಂಬ ಹೆಸರಿನಡಿ. ಆದೇಶದ ಬೈಟುಗಳು, ಉತ್ತರ ಬರಬೇಕಾದ ಬಫರ್, ಮಾಹಿತಿ ಹರಿಯುವ ದಿಕ್ಕು, ಮಿಲಿಸೆಕೆಂಡುಗಳಲ್ಲಿ ಕಾಯುವ ಅವಧಿ, ಇಷ್ಟನ್ನು ಒಂದು ರಚನೆಯಲ್ಲಿ ತುಂಬಿ ಕೊಡಬೇಕು. ಸಾಟಾ ಡಿಸ್ಕಿಗಾದರೆ ಮೊದಲ ಬೈಟು ಹೆಕ್ಸ್ (ಹದಿನಾರರ ಆಧಾರದ ಸಂಖ್ಯೆ) 85 ಆಗಿರುವ, ಸ್ಕಸಿ ಎಂಬ ಆದೇಶ ಭಾಷೆಯ 16 ಬೈಟುಗಳ ಆದೇಶವೊಂದು ಲಕೋಟೆಯಂತೆ ಕೆಲಸ ಮಾಡುತ್ತದೆ. ಸಾಟಾ ಡಿಸ್ಕಿನ ಸ್ವಂತ ಭಾಷೆಯಾದ ಎಟಿಎಯ ನಿಜವಾದ ಆದೇಶ ಅದರ ಒಳಗಿರುತ್ತದೆ. ಗುರುತು ಕೇಳಲು ಹೆಕ್ಸ್ ಇಸಿ, ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ಮಾಹಿತಿಗೆ ಹೆಕ್ಸ್ ಬಿ0. ಗುರುತಿನ ಉತ್ತರ 512 ಬೈಟು ಇರುತ್ತದೆ, ಮಾದರಿಯ ಹೆಸರಿನಲ್ಲಿ ಪ್ರತಿ ಎರಡು ಅಕ್ಷರಗಳು ಅದಲುಬದಲಾಗಿರುತ್ತವೆ. ಮೊದಲ ಸಲ ನೋಡಿದಾಗ ನನ್ನ ಬಫರೇ ಕೆಟ್ಟಿದೆಯೆಂದು ತಿಳಿದಿದ್ದೆ.

ನಿಮ್ಮ ದೋಷದ ಕಾರಣವೂ ಈ ಲಕೋಟೆಯೇ. ಸಾಮಾನ್ಯ ಬಳಕೆದಾರರು ಕಳುಹಿಸಬಹುದಾದ ಸ್ಕಸಿ ಆದೇಶಗಳ ಪಟ್ಟಿಯೊಂದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿದೆ. ಸಾಧನದ ಪರಿಚಯ ಕೇಳುವ ಇನ್‌ಕ್ವೈರಿ ಅದರಲ್ಲಿದೆ, 85 ಇಲ್ಲ. ಏಕೆಂದರೆ ಆ ಲಕೋಟೆಯೊಳಗೆ ಗುರುತು ಕೇಳುವ ಆದೇಶವೂ ಇರಬಹುದು, ಡಿಸ್ಕನ್ನೇ ಅಳಿಸುವ ಆದೇಶವೂ ಇರಬಹುದು. ಗುಂಪಿನ ಸದಸ್ಯತ್ವದಿಂದ ಕಡತ ತೆರೆಯುತ್ತದೆ, ಆದೇಶ ಹೋಗುವುದಿಲ್ಲ. ಅದಕ್ಕೆ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರ, ಅಥವಾ ‘ಕ್ಯಾಪ್ ಸಿಸ್ ರಾ ಐಒ’ ಎಂಬ ಅಧಿಕಾರ ಬೇಕು. ಆ ಅಧಿಕಾರ ಬಂದ ಕೂಡಲೇ ಪಟ್ಟಿಗೆ ಬೆಲೆಯಿಲ್ಲ: ಓದಲು ಮಾತ್ರ ತೆರೆದ ಡಿಸ್ಕಿಗೂ ಅಳಿಸುವ ಆದೇಶ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಹಾಗೆ ತೆರೆದಿದ್ದೇನೆಂಬ ಧೈರ್ಯ ಬೇಡ.

ಐಒಸಿಟಿಎಲ್ ಸೊನ್ನೆ ಮರಳಿಸಿದರೆ ಡಿಸ್ಕ್ ಆದೇಶ ಪಾಲಿಸಿತೆಂದು ಅರ್ಥವಲ್ಲ ಎಂಬುದನ್ನು ನಾನು ಶಿರಸಿಯಲ್ಲಿ ಕಷ್ಟಪಟ್ಟು ಕಲಿತೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಕೆಟ್ಟ ಕಂಪ್ಯೂಟರಿನಿಂದ ಪರಿಚಯದವರ ಅಡಿಕೆ ವಖಾರಿಯ ಲೆಕ್ಕವಿದ್ದ ಡಿಸ್ಕನ್ನು ತೆಗೆದು, ಯುಎಸ್‌ಬಿ ಪೆಟ್ಟಿಗೆಯೊಂದಕ್ಕೆ ಹಾಕಿ ಪರೀಕ್ಷಿಸಿದೆ. ಕೆಟ್ಟ ಸೆಕ್ಟರ್ ಸೊನ್ನೆ ಎಂದು ಬಂತು, ಡಿಸ್ಕ್ ಚೆನ್ನಾಗಿದೆಯೆಂದು ಹೇಳಿಬಿಟ್ಟೆ. ನಕಲು ಅರ್ಧಕ್ಕೆ ನಿಂತಾಗ ಹುಡುಕಿದರೆ, ಪೆಟ್ಟಿಗೆ ನನ್ನ ಆದೇಶವನ್ನು ತಿರಸ್ಕರಿಸಿತ್ತು. ನಾನು ಓದಿದ್ದು ಬಫರಿನಲ್ಲಿ ಮೊದಲೇ ತುಂಬಿಟ್ಟ ಸೊನ್ನೆಗಳನ್ನು. ಮೂರೂ ಸ್ಥಿತಿಗಳನ್ನು, ಅಂದರೆ ಸಾಧನದ್ದು, ಹೋಸ್ಟಿನದು (ಡಿಸ್ಕನ್ನು ಜೋಡಿಸಿದ ನಿಯಂತ್ರಕದ್ದು), ಡ್ರೈವರಿನದು, ಜೊತೆಗೆ ದೋಷದ ವಿವರ ಕೊಡುವ ಸೆನ್ಸ್ ಮಾಹಿತಿಯನ್ನು ಪ್ರತಿ ಸಲ ನೋಡಿ.

ಅದೇ ಪೆಟ್ಟಿಗೆ ಲಕೋಟೆಯ 12 ಬೈಟಿನ ರೂಪಕ್ಕೆ, ಹೆಕ್ಸ್ ಎ1ಕ್ಕೆ, ಉತ್ತರಿಸಿತು. ನೀವೂ ಅದನ್ನು ಬಳಸುವುದಾದರೆ ಮೊದಲು ಇನ್‌ಕ್ವೈರಿ ಕಳುಹಿಸಿ, ಉತ್ತರದ ಮೊದಲ ಬೈಟಿನ ಕೆಳಗಿನ ಐದು ಬಿಟ್‌ಗಳಲ್ಲಿ 5 ಬಂದರೆ ಅಲ್ಲಿಗೇ ನಿಲ್ಲಿಸಿ. ಅದು ಸಿಡಿ ಅಥವಾ ಡಿವಿಡಿ ಡ್ರೈವ್. ಅದರ ಭಾಷೆಯಲ್ಲಿ ಎ1 ಎಂದರೆ ತಟ್ಟೆಯನ್ನು ಅಳಿಸು ಎಂದರ್ಥ.