ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಬೆಳ್ಳಿ ರೂಪಾಯಿಗಳನ್ನು ಗ್ರೇಡಿಂಗ್‌ಗೆ ಕಳಿಸಬೇಕೇ?

ಕೊಪ್ಪಳದ ಅಜ್ಜಿಮನೆಯಲ್ಲಿ ಸಿಕ್ಕ, ಚಾರ್ಮಿನಾರ್ ಚಿತ್ರವಿರುವ ನಿಜಾಮರ ರೂಪಾಯಿಗಳನ್ನು ಅಮೆರಿಕದ ಕಂಪನಿಗೆ ಕಳಿಸಿ, ಗ್ರೇಡ್ (ನಾಣ್ಯದ ಸ್ಥಿತಿಗೆ ಕೊಡುವ ಅಂಕ) ಹಾಕಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಿದರೆ ಲಾಭವೋ ನಷ್ಟವೋ ಎಂದು ಕೇಳಿದ್ದೀರಿ. ಗ್ರೇಡಿಂಗ್ ಮಾತು ಆಮೇಲೆ. ಮೊದಲು ಅವುಗಳನ್ನು ತೊಳೆಯಬೇಡಿ.

ನಾನು ರಾಯಚೂರಿನವನು. ನಮ್ಮ ಕಡೆ ಹಳೇ ಮನೆಗಳಲ್ಲಿ ನಿಜಾಮರ ಹಾಲಿ ಸಿಕ್ಕಾನೂ ಇರುತ್ತದೆ, ಇಂಗ್ಲಿಷರ ಕಲ್ದಾರೂ ಇರುತ್ತದೆ. ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ ಅಂತ ಅಜ್ಜ ಹೇಳುತ್ತಿದ್ದರು. ಅವರ ಗಂಟಿನಲ್ಲಿ ಹಿಜರಿ 1330ರ ಒಂದು ರೂಪಾಯಿ ಸವೆಯದೆ ಉಳಿದಿತ್ತು. ಅಂದರೆ 1911-12, ಹೈದರಾಬಾದಿನ ನಿಜಾಮ ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದ ಹೊಸತು. ಚಾರ್ಮಿನಾರಿನ ಬಾಗಿಲೊಳಗೆ ಅವರ ಹೆಸರಿನ ಮೊದಲ ಉರ್ದು ಅಕ್ಷರ ‘ಐನ್’ ಇರುತ್ತದೆ. ಅವರ ತಂದೆ ಮಹಬೂಬ್ ಅಲಿ ಖಾನರ ನಾಣ್ಯದಲ್ಲಿ ಅದೇ ಜಾಗದಲ್ಲಿ ‘ಮೀಮ್’. ಆ ‘ಐನ್’ ಪೂರ್ತಿ ಇದೆಯೋ ಮೊಟಕಾಗಿದೆಯೋ ಎಂಬುದನ್ನೂ ಸಂಗ್ರಾಹಕರು ನೋಡುತ್ತಾರೆ.

ನಾಣ್ಯದ ಅಂಚಿನಲ್ಲಿ ನೀಲಿ, ನಡುವೆ ಕಂದು ಬಣ್ಣ ಕೂತಿತ್ತು. ನೋಡಿದ ವ್ಯಾಪಾರಿಯೊಬ್ಬರು ಒಳ್ಳೆಯ ಬೆಲೆ ಹೇಳಿ, ಗ್ರೇಡ್ ಆದರೆ ಇನ್ನೂ ಹೆಚ್ಚು ಕೊಡುತ್ತೇನೆ ಅಂದರು. ನಮ್ಮ ದೇಶದಲ್ಲೇ ಇರುವ ಒಂದು ಸಂಸ್ಥೆಗೆ ಕಳಿಸಲು ತಯಾರಾದೆ. ಕಳಿಸುವ ಹಿಂದಿನ ರಾತ್ರಿ, ಇಷ್ಟು ಕಪ್ಪಗಿದ್ದರೆ ಯಾರು ಮೆಚ್ಚುತ್ತಾರೆ ಅನಿಸಿತು. ದೀಪಾವಳಿಗೆ ಅವ್ವ ಬೆಳ್ಳಿ ಸಾಮಾನು ಬೆಳಗುವ ಹಾಗೆಯೇ ಹುಣಸೆ ರಸದಲ್ಲಿ ನೆನೆಸಿ, ಒದ್ದೆ ವಿಭೂತಿ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿದೆ. ಫಳಫಳ ಹೊಳೆಯಿತು.

ಅಲ್ಲಿ ಏನು ಹಾಳಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾಣ್ಯ ಸಿಕ್ಕವರೆಲ್ಲ ಮೊದಲು ಮಾಡುವುದು ಇದನ್ನೇ. ಟಂಕಸಾಲೆಯ ಅಚ್ಚು ಬೆಳ್ಳಿಯ ಮೇಲೆ ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಸವೆಯದ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿ ತಿರುಗಿಸಿದರೆ ಬೆಳಕು ಗಾಲಿಯ ಕಡ್ಡಿಗಳಂತೆ ಸುತ್ತುವುದು ಆ ಗೆರೆಗಳಿಂದಲೇ. ಕಪ್ಪು ಬಣ್ಣ ಕೊಳೆಯಲ್ಲ. ಗಾಳಿಯಲ್ಲಿನ ಗಂಧಕ ಬೆಳ್ಳಿಯೊಡನೆ ಸೇರಿ ಆದ ಪದರ. ತಿಕ್ಕಿದಾಗ ಆ ಪದರ ಹೋಯಿತು, ಗೆರೆಗಳೂ ಹೋದವು, ಅವುಗಳ ಮೇಲೆ ವಿಭೂತಿ ಕಣದ ಗೀರುಗಳು ಬಿದ್ದವು. ಈಗ ಬೆಳಕು ಸುತ್ತುವುದಿಲ್ಲ, ಸ್ಟೀಲ್ ತಟ್ಟೆಯ ಹಾಗೆ ಒಂದೇ ಸಮ ಹೊಳೆಯುತ್ತದೆ. ಇದನ್ನು ಯಾರಿಂದಲೂ ಸರಿಮಾಡಲು ಆಗದು.

ಡಬ್ಬಿ ವಾಪಸ್ ಬಂತು. ಚೀಟಿಯಲ್ಲಿ ಅಂಕವೇ ಇಲ್ಲ, ‘ಕ್ಲೀನ್ಡ್’ ಅಂತ ಮಾತ್ರ. ವ್ಯಾಪಾರಿ ಬೆಳ್ಳಿ ತೂಕಕ್ಕಿಂತ ತುಸು ಹೆಚ್ಚು ಕೊಡುತ್ತೇನೆ ಅಂದರು. ನಾನು ಕೊಡಲಿಲ್ಲ.

ಇನ್ನು ಅಮೆರಿಕದ ಮಾತು. ಆ ಯೋಚನೆ ಬಿಟ್ಟುಬಿಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಹಿಜರಿ 1343ರವರೆಗಿನವೆಲ್ಲ (ಅಂದರೆ 1924-25ರವರೆಗಿನವು) ಇದರೊಳಗೆ ಬಂದವು. ‘ನಾವು ಕಳಿಸಿಕೊಡುತ್ತೇವೆ’ ಅನ್ನುವ ಏಜೆಂಟರನ್ನು ನಂಬಬೇಡಿ.

ಗ್ರೇಡಿಂಗ್ ಬೇಡವೇ ಬೇಡ ಅನ್ನುವವನಲ್ಲ ನಾನು. ಶೆಲ್ಡನ್ ಎಂಬಾತ 1949ರಲ್ಲಿ ಅಮೆರಿಕದ ಹಳೆ ಸೆಂಟ್‌ಗಳಿಗೆಂದು ಮಾಡಿದ 1ರಿಂದ 70ರ ಅಂಕಪಟ್ಟಿ, ಅಲ್ಲಿನ ಗ್ರೇಡಿಂಗ್ ಕಂಪನಿಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದ ಮೇಲೆ ಎಲ್ಲ ಕಡೆ ಹಬ್ಬಿತು. ನಕಲಿ ಹೆಚ್ಚಿರುವ ದುಬಾರಿ ನಾಣ್ಯಕ್ಕೆ, ಮುಖ ನೋಡದೆ ಆನ್‌ಲೈನ್‌ನಲ್ಲಿ ಮಾರುವಾಗ, ಡಬ್ಬಿಗೆ ಬೆಲೆಯಿದೆ. ಆದರೆ ಈಗ ಡಬ್ಬಿಗಳದ್ದೇ ನಕಲಿ ಬರುತ್ತಿದೆ. ಚೀಟಿಯ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಅಲ್ಲಿನ ಫೋಟೊ ಇದ್ದರೆ ಕೈಲಿರುವುದಕ್ಕೆ ಹೋಲಿಸಲೇಬೇಕು. ಕೈಯಿಂದ ಕೈಗೆ ಸವೆದ ಸಾಮಾನ್ಯ ರೂಪಾಯಿಗಾದರೆ ಗ್ರೇಡಿಂಗ್ ಶುಲ್ಕವೂ ಹುಟ್ಟುವುದಿಲ್ಲ. ಮನೆಯ ನೆನಪಿಗೆ ಇಡುವವರಿಗಂತೂ ಅಂಕ ಯಾಕೆ?

ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ; ಸವೆಯದ ಹಾಲಿ ರೂಪಾಯಿ ಸುಮಾರು 11.18 ಗ್ರಾಂ ಬರಬೇಕು. ಅಂಚು ಹಿಡಿದೇ ಎತ್ತಿ. ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಅದು ನಾಣ್ಯಕ್ಕೆ ಹಸಿರು ಅಂಟು ಬಿಡುತ್ತದೆ. ಬಾಗಿಲಿನ ಅಕ್ಷರ ಮತ್ತು ಇಸವಿ ಕಾಣುವಂತೆ ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಇಲ್ಲಿ ಹಾಕಿ. ಅವುಗಳಲ್ಲಿ ಗ್ರೇಡಿಂಗ್‌ಗೆ ಯೋಗ್ಯವಾದದ್ದು ಯಾವುದಾದರೂ ಇದ್ದರೆ ಹೇಳುತ್ತೇನೆ.